ಬೀದಿ ತುಂಬ ವ್ಯಾಪಾರ, ಪಾಲಿಕೆಗೆ ಮಾತ್ರ ಯಾಕೆ ದುಡ್ಡಿಲ್ಲ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. 1998ರಲ್ಲಿ ವೈಟ್‌ಫೀಲ್ಡ್ ಕಡೆ ಒಂದು 30–40 ಸೈಟು ತೆಗೆದುಕೊಂಡು ಮನೆ ಕಟ್ಟಿದಾಗ ಸುತ್ತ ರಾಗಿ ಹೊಲ ಇತ್ತು, ಕಂದಾಯ ಪಂಚಾಯ್ತಿಗೆ ಕಟ್ಟುತ್ತಿದ್ದೆವು. ಈಗ ನಮ್ಮ ಒಂದೇ ರಸ್ತೆಯಲ್ಲಿ ಹದಿನಾಲ್ಕು ಪಿಜಿ, ಎರಡು ದರ್ಶಿನಿ, ಒಂದು ಜಿಮ್, ಮೂರು ಸಾಫ್ಟ್‌ವೇರ್ ಕಚೇರಿ, ಮೂಲೆಯಲ್ಲಿ ಎಂಟಂತಸ್ತಿನ ಕಟ್ಟಡ ಇವೆ. ಇಷ್ಟೆಲ್ಲ ಬಂದ ಮೇಲೆ ಪಾಲಿಕೆಗೆ ಹಣದ ಹೊಳೆಯೇ ಹರಿಯಬೇಕಲ್ಲವೇ? ಚರಂಡಿ ಕೇಳಲು ಹೋದರೆ ‘ಅನುದಾನ ಇಲ್ಲ ಸಾರ್’ ಅನ್ನುತ್ತಾರೆ. ನಮ್ಮ ಬಡಾವಣೆ ಸಂಘದಲ್ಲಿ ಇದೇ ವಿಷಯಕ್ಕೆ ಎರಡು ಪಂಗಡ ಆಗಿದೆ. ಇನ್ನಷ್ಟು ಕಂಪನಿ ಬರಲಿ, ಪಾಲಿಕೆಗೆ ಆದಾಯ ಬಂದು ನಮ್ಮ ಮನೆ ಕಂದಾಯವೂ ಇಳಿಯುತ್ತದೆ ಅನ್ನುತ್ತಾರೆ ಒಂದು ಕಡೆಯವರು. ಈ ಕಂಪನಿಗಳು ಒಂದು ಪೈಸೆಯನ್ನೂ ಕಟ್ಟುವುದಿಲ್ಲ, ನಮ್ಮ ರಸ್ತೆ ಸವೆಸುವುದಷ್ಟೇ ಅನ್ನುತ್ತಾರೆ ಇನ್ನೊಂದು ಕಡೆಯವರು. ಈಗ ಐದು ಪಾಲಿಕೆ ಆಗಿದೆ. ಕಂಪನಿಗಳೆಲ್ಲ ನಮ್ಮ ಪೂರ್ವ ಪಾಲಿಕೆಯಲ್ಲೇ ಇರುವಾಗ ಇನ್ನಾದರೂ ನಮ್ಮ ದುಡ್ಡು ನಮಗೆ ಸಿಗುತ್ತದೆಯೇ? ಕೊನೆಗೊಂದು ಸ್ವಂತ ವಿಷಯ. ನಮ್ಮ ಕೆಳಮನೆ ಖಾಲಿ ಇದೆ. ಆನ್‌ಲೈನ್ ಆರ್ಡರಿನ ಅಡುಗೆಮನೆ ಮಾಡಲು ಒಬ್ಬರು ಕೇಳುತ್ತಿದ್ದಾರೆ, ಮಾಮೂಲಿಗಿಂತ ದುಪ್ಪಟ್ಟು ಬಾಡಿಗೆ. ಕಂದಾಯದಲ್ಲಿ ‘ವಾಸದ ಮನೆ’ ಅಂತಲೇ ತೋರಿಸಿಕೊಂಡು ಹೋಗಿ ಅಂತ ಬ್ರೋಕರ್ ಹೇಳುತ್ತಾನೆ. ಮಾಡಬಹುದೇ?

ಉತ್ತರ: ಮೇಷ್ಟ್ರೇ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಇದೆ. ಹಾಗಾಗಿ ಆ ಅಡುಗೆಮನೆಯಿಂದಲೇ ಶುರು ಮಾಡೋಣ.

ಅಲ್ಲಿಂದ ನೂರು ರೂಪಾಯಿಯ ಒಂದು ಪ್ಯಾಕೆಟ್ ಬಿಸಿಬೇಳೆಬಾತ್ ಹೊರಟಿತು ಎಂದುಕೊಳ್ಳಿ. ಅದರ ಮೇಲೆ ಶೇ. 5 ಜಿಎಸ್‌ಟಿ. 2022ರ ಜನವರಿಯಿಂದ ಈ ತೆರಿಗೆಯನ್ನು ಹೋಟೆಲಿನವರ ಬದಲು ಆರ್ಡರ್ ತೆಗೆದುಕೊಳ್ಳುವ ಆ್ಯಪ್ ಕಂಪನಿಯೇ ಕಟ್ಟಬೇಕು. ಐದು ರೂಪಾಯಿಯಲ್ಲಿ ಎರಡೂವರೆ ದೆಹಲಿಗೆ, ಎರಡೂವರೆ ವಿಧಾನಸೌಧಕ್ಕೆ. ಅಡುಗೆ ಭಟ್ಟರ ಸಂಬಳ 25,000 ರೂಪಾಯಿ ಮುಟ್ಟಿದ್ದರೆ ವೃತ್ತಿ ತೆರಿಗೆ ಉಂಟು, ಅದನ್ನು ನಮ್ಮಲ್ಲಿ ರಾಜ್ಯ ಸರ್ಕಾರವೇ ವಸೂಲು ಮಾಡಿಕೊಳ್ಳುತ್ತದೆ. ಪ್ಯಾಕೆಟ್ ಒಯ್ಯುವ ಹುಡುಗನ ಬೈಕಿನ ರಸ್ತೆ ತೆರಿಗೆ ರಾಜ್ಯಕ್ಕೆ, ಅವನು ಹಾಕಿಸುವ ಪೆಟ್ರೋಲಿನ ತೆರಿಗೆ ಕೇಂದ್ರಕ್ಕೂ ರಾಜ್ಯಕ್ಕೂ. ಕರೆಂಟ್ ಬಿಲ್ಲಿನಲ್ಲಿ ಸೇರಿರುವ ತೆರಿಗೆ ರಾಜ್ಯಕ್ಕೆ. ನೀರಿನ ದುಡ್ಡು ಜಲಮಂಡಳಿಗೆ. ಮಾಲೀಕ ಲಾಭ ಮಾಡಿದರೆ ಆದಾಯ ತೆರಿಗೆ ದೆಹಲಿಗೆ. ನಾಳೆ ನೀವು ಮನೆ ಮಾರಿದರೆ ಸ್ಟಾಂಪ್ ಡ್ಯೂಟಿಯ ಬಹುಪಾಲು ರಾಜ್ಯದ ಖಜಾನೆಗೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿತಲ್ಲ, ಆ ಏರಿಕೆಯೂ ಅಲ್ಲಿಗೇ.

ಇನ್ನು ಪಾಲಿಕೆಗೆ? ನಿಮ್ಮ ಕಟ್ಟಡದ ಕಂದಾಯ, ಉದ್ದಿಮೆ ಪರವಾನಗಿಯ ಒಂದಷ್ಟು ಶುಲ್ಕ. ಕಸದ ಶುಲ್ಕ 2025ರ ಏಪ್ರಿಲ್‌ನಿಂದ ಕಂದಾಯದ ರಸೀತಿಯಲ್ಲೇ ಸೇರಿ ಬರುತ್ತಿದೆಯಾದರೂ ಅದು ಕಸದ ಖರ್ಚಿಗೇ ಸಾಲದು. ಆ ಅಡುಗೆಮನೆ ದಿನಕ್ಕೆ ಐವತ್ತು ಪ್ಯಾಕೆಟ್ ಮಾರಿದರೂ ಐನೂರು ಮಾರಿದರೂ ಪಾಲಿಕೆಗೆ ಸಿಗುವುದು ಅಷ್ಟೇ. ಐನೂರು ಪ್ಯಾಕೆಟ್ ಒಯ್ಯಲು ಬರುವ ಬೈಕುಗಳು ಮಾತ್ರ ಪಾಲಿಕೆಯ ರಸ್ತೆಯ ಮೇಲೇ ಓಡಾಡುತ್ತವೆ.

ಕರ್ನಾಟಕದ ಒಟ್ಟು ಉತ್ಪನ್ನದ ಮೂರನೇ ಒಂದು ಭಾಗಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತದೆ. ಊರು ದುಡಿಯುತ್ತಿಲ್ಲ ಅಂತ ಯಾರೂ ಅನ್ನಲಾರರು. ದುಡಿದದ್ದು ಬಂದು ಬೀಳುವ ಹುಂಡಿ ಬೇರೆ, ಚರಂಡಿ ರಿಪೇರಿಗೆ ಕೈ ಹಾಕಬೇಕಾದ ಹುಂಡಿ ಬೇರೆ. ಪಾಲಿಕೆಯ ಲೆಕ್ಕಪತ್ರ ವಿಭಾಗಗಳಲ್ಲಿ ಇಪ್ಪತ್ತಾರು ವರ್ಷ ಕೂತು ಎದ್ದವನು ನಾನು. ಊರಿನ ವಹಿವಾಟು ನೋಡಿ ಆದಾಯ ಅಂದಾಜು ಮಾಡಿದವರೆಲ್ಲ ಮಾರ್ಚ್ ತಿಂಗಳಲ್ಲಿ ತಲೆ ಮೇಲೆ ಕೈ ಹೊತ್ತುಕೊಂಡಿದ್ದನ್ನೇ ಕಂಡಿದ್ದೇನೆ. ಪಾಲಿಕೆಗೆ ಗೊತ್ತಿರುವ ಅಳತೆ ಒಂದೇ, ಅದು ಚದರಡಿ.

ಈ ಮಾತು ಪೂರಾ ಅರ್ಥವಾಗಬೇಕಾದರೆ ಚಿಕ್ಕಪೇಟೆಗೆ ಹೋಗಿ ನೋಡಿ. ಇನ್ನೂರು ಚದರಡಿಯ ಒಂದು ಸಗಟು ಬಟ್ಟೆ ಅಂಗಡಿ, ಗಾದಿಯ ಮೇಲೆ ಕೂತ ಯಜಮಾನರು, ಹಿಂದೆ ಸೂರಿನ ತನಕ ಥಾನು. ವರ್ಷಕ್ಕೆ ಕೋಟಿಗಟ್ಟಲೆ ವ್ಯವಹಾರ. ಕಂದಾಯ ಇನ್ನೂರು ಚದರಡಿಗೆ. ನಿಮ್ಮ ಕಡೆ ಖಾಲಿ ಬಿದ್ದಿರುವ ಕಾಲು ಲಕ್ಷ ಚದರಡಿಯ ಕಚೇರಿ ಕಟ್ಟಡದಲ್ಲಿ ಬಾಡಿಗೆದಾರರೇ ಇಲ್ಲದಿರಬಹುದು, ಆದರೂ ಪಾಲಿಕೆಗೆ ಅದು ಚಿಕ್ಕಪೇಟೆಯ ಒಂದಿಡೀ ಗಲ್ಲಿಗಿಂತ ಹೆಚ್ಚು ಕೊಟ್ಟೀತು.

ಹಿಂದೆ ಹೀಗಿರಲಿಲ್ಲ. ಊರೊಳಗೆ ಬರುವ ಸರಕಿನ ಮೇಲೆ ಆಕ್ಟ್ರಾಯ್ ಇತ್ತು. ವ್ಯಾಪಾರ ಏರಿದರೆ ಆ ಸಂಜೆಯೇ ನಾಕಾದ ಪೆಟ್ಟಿಗೆ ತುಂಬುತ್ತಿತ್ತು. ಲಾರಿ ನಿಲ್ಲಿಸಿ ಕೈಬಿಸಿ ಮಾಡುವ ಆ ಪದ್ಧತಿ ಹೋಗಿದ್ದಕ್ಕೆ ನನಗೇನೂ ಬೇಜಾರಿಲ್ಲ. 1979ರಲ್ಲಿ ಕರ್ನಾಟಕ ಅದನ್ನು ರದ್ದು ಮಾಡಿತು. ಅದರ ಜಾಗದಲ್ಲಿ ಬಂದ ಪ್ರವೇಶ ತೆರಿಗೆ ರಾಜ್ಯದ್ದು, ಅದೂ 2017ರಲ್ಲಿ ಜಿಎಸ್‌ಟಿಯೊಳಗೆ ಕರಗಿತು. ಅದೇ ವರ್ಷ ಜಾಹೀರಾತು ತೆರಿಗೆ ಹಾಕುವ ಅಧಿಕಾರವೂ ಹೋಯಿತು. ಮುಂಬೈಯವರು 2017ರ ತನಕ ಆಕ್ಟ್ರಾಯ್ ಉಳಿಸಿಕೊಂಡಿದ್ದರು. ಬಿಡುವಾಗಲೂ ಬರಿಗೈಲಿ ಬಿಡಲಿಲ್ಲ. ಪಾಲಿಕೆಗೆ ಆಗುವ ನಷ್ಟವನ್ನು ವರ್ಷಕ್ಕೆ ಶೇ. 8ರಂತೆ ಏರಿಸುತ್ತ ಕೊಡಬೇಕು ಅಂತ ಮಹಾರಾಷ್ಟ್ರ ಕಾನೂನನ್ನೇ ಮಾಡಿತು. ನಮ್ಮ ಪಾಲಿಕೆಗೆ ವ್ಯಾಪಾರದ ಜೊತೆ ಅಂಥ ಹೊಕ್ಕುಳಬಳ್ಳಿ ಉಳಿದಿಲ್ಲ.

ಸರಿ, ಚದರಡಿಯಾದರೂ ಹೆಚ್ಚಾಗಿದೆಯಲ್ಲ, ಅದರಿಂದ ಬರಬೇಕಲ್ಲ ಅಂತ ಕೇಳುತ್ತೀರಿ. ಬಂದಿದೆ. 2024–25ರಲ್ಲಿ ಆಗಿನ ಬಿಬಿಎಂಪಿ ಸುಮಾರು 4,900 ಕೋಟಿ ರೂಪಾಯಿ ಆಸ್ತಿ ತೆರಿಗೆ ವಸೂಲು ಮಾಡಿತು. ಇದರಲ್ಲಿ ಹಳೆಯ ಬಾಕಿಯ ಪಾಲೂ ಇತ್ತು, ಬಡ್ಡಿ ಬಿಟ್ಟು ಬಾಕಿ ತೀರಿಸಿಕೊಳ್ಳುವ ಯೋಜನೆ 2024ರ ನವೆಂಬರ್ 30ರ ತನಕ ನಡೆದಿತ್ತು. ಬಾಕಿ ಒಮ್ಮೆ ವಸೂಲಾದರೆ ಮುಗಿಯಿತು, ಮರುವರ್ಷ ಅದೇ ಹಣ ಮತ್ತೆ ಬರುವುದಿಲ್ಲ. ಮರುವರ್ಷಕ್ಕೆ ಮಂಡಿಸಿದ ಬಜೆಟ್ಟಿನ ಗಾತ್ರ ಸುಮಾರು 19,900 ಕೋಟಿ. ಇವೆರಡರ ನಡುವಿನ ಕಂದರವನ್ನು ಶುಲ್ಕ, ರಾಜ್ಯದ ಅನುದಾನ, ಸಾಲ ಇವುಗಳಿಂದ ತುಂಬಿಸಬೇಕು.

ಚದರಡಿ ಬೆಳೆದಷ್ಟು ತೆರಿಗೆ ಬೆಳೆಯದಿರಲು ದರ ಕಾರಣ. 2000ದಲ್ಲಿ ಬೆಂಗಳೂರಿಗೆ ಸ್ವಯಂ ಘೋಷಣೆ ಪದ್ಧತಿ, ಅಂದರೆ ಮಾಲೀಕರೇ ತಮ್ಮ ತೆರಿಗೆ ಲೆಕ್ಕ ಹಾಕಿ ಕಟ್ಟುವ ಪದ್ಧತಿ ಬಂತು, 2008ರಲ್ಲಿ ಅದನ್ನು ಈಗಿನ ರೂಪಕ್ಕೆ ತಂದರು. ಊರನ್ನು ಎ ಇಂದ ಎಫ್ ತನಕ ಆರು ವಲಯ ಮಾಡಿ, ಒಂದೊಂದರಲ್ಲೂ ಚದರಡಿಗೆ ತಿಂಗಳಿಗೆ ಇಷ್ಟು ಎಂಬ ದರ. ಹತ್ತು ತಿಂಗಳ ಲೆಕ್ಕ ಹಿಡಿದು, ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆದು, ಮನೆಗಾದರೆ ಶೇ. 20, ಅಂಗಡಿ–ಕಚೇರಿಗಾದರೆ ಶೇ. 25 ತೆರಿಗೆ. ಈ ಚದರಡಿ ದರವನ್ನು 2016ರಲ್ಲಿ ಮನೆಗಳಿಗೆ ಶೇ. 20, ವಾಣಿಜ್ಯಕ್ಕೆ ಶೇ. 25ರಷ್ಟು ಏರಿಸಿದರು. ಆಮೇಲೆ? 2024ರಲ್ಲಿ ತೆರಿಗೆಯನ್ನು ಮಾರ್ಗಸೂಚಿ ದರಕ್ಕೆ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡುವ ಆಸ್ತಿ ಬೆಲೆಗೆ, ಗಂಟು ಹಾಕುವ ಕರಡು ಬಂತು, ಗಲಾಟೆಯಾಯಿತು, ಅಲ್ಲೇ ನಿಂತಿತು. ಕೋವಿಡ್ ಮುಗಿದು ಜನ ವಾಪಸ್ ಬಂದಾಗ ನಿಮ್ಮ ಕಡೆ ಬಾಡಿಗೆ ಹೇಗೆ ಜಿಗಿಯಿತು ಅಂತ ನಿಮಗೇ ಗೊತ್ತು. ಆ ಜಿಗಿತದಲ್ಲಿ ಪಾಲಿಕೆಗೆ ಬಂದದ್ದು ಸೊನ್ನೆ. ಬಾಡಿಗೆ ಈ ವರ್ಷದ್ದು, ಕಂದಾಯದ ದರ 2016ರದ್ದು.

ಅದರ ಮೇಲೆ ಶೇ. 24 ಸೆಸ್ ಬೇರೆ ಕಟ್ಟುತ್ತೀರಲ್ಲ: ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪರಿಹಾರಕ್ಕೆ 3. ಗ್ರಂಥಾಲಯದ್ದೂ ಭಿಕ್ಷುಕರದ್ದೂ ಪಾಲಿಕೆಯ ಹಣವಲ್ಲ, ಸಂಗ್ರಹಿಸಿ ಆಯಾ ಕಡೆಗೆ ಕಳಿಸಿಕೊಡಬೇಕು. ಕಳಿಸುವುದು ತಡವಾಗುತ್ತದೆ ಎಂಬುದು ಲೈಬ್ರರಿಯವರ ಹಳೆಯ ಗೋಳು.

ಈಗ ನಿಮ್ಮ ಸಂಘದ ಎರಡು ಪಂಗಡಕ್ಕೆ ಬರೋಣ. ‘ಕಂಪನಿಗಳು ಪೈಸೆ ಕಟ್ಟುವುದಿಲ್ಲ’ ಎನ್ನುವವರ ಮಾತು ನಿಲ್ಲುವುದಿಲ್ಲ. ಹಳೆಯ ಎಂಟು ವಲಯಗಳಲ್ಲಿ ಕಂದಾಯ ವಸೂಲಿಯಲ್ಲಿ ವರ್ಷವರ್ಷವೂ ಮುಂದಿದ್ದದ್ದು ನಿಮ್ಮ ಮಹದೇವಪುರವೇ, ಅದು ಆ ದೊಡ್ಡ ಕಟ್ಟಡಗಳಿಂದಾಗಿ. ಗಾಜಿನ ಕಟ್ಟಡವನ್ನು ಸೀರೆ ಮುಚ್ಚಿ ಬಚ್ಚಿಡಲಾಗದು, ಅದರ ನಕ್ಷೆ, ಲೀಸ್ ಪತ್ರ, ಲಿಫ್ಟಿನ ಲೆಕ್ಕ ಎಲ್ಲ ಎಲ್ಲೋ ಒಂದು ಕಡೆ ದಾಖಲಾಗಿರುತ್ತದೆ. ಬಾಕಿ ಇಟ್ಟುಕೊಂಡ ದೊಡ್ಡವರು ಇಲ್ಲವೆಂದಲ್ಲ, ಆದರೆ ಸಿಕ್ಕಿಬೀಳುತ್ತಾರೆ. ಸಿಗದೇ ಹೋಗುವುದು ಮಧ್ಯದವರು: ಎರಡಂತಸ್ತಿಗೆ ನಕ್ಷೆ ಪಡೆದು ಐದು ಕಟ್ಟಿದವರು, ಮನೆ ಅಂತ ಘೋಷಿಸಿ ಗೋಡೌನ್ ಇಟ್ಟವರು, ಬಾಡಿಗೆಗೆ ಕೊಟ್ಟು ‘ಸ್ವಂತ ವಾಸ’ ಅಂತ ಬರೆದವರು. ಬಾಡಿಗೆ ಮನೆಯ ದರ ಸ್ವಂತ ವಾಸದ ದರದ ಎರಡರಷ್ಟು, ಆ ಒಂದು ಟಿಕ್‌ನಲ್ಲೇ ಅರ್ಧ ತೆರಿಗೆ ಮಾಯ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಬ್ರೋಕರ್ ಹೇಳಿಕೊಡುತ್ತಿರುವುದೂ ಈ ಸಾಲಿನದ್ದೇ. ಕಾನೂನಿನಂತೆಯೇ ಹೊರಗುಳಿದವೂ ಉಂಟು. ಕೇಂದ್ರ ಸರ್ಕಾರದ ಆಸ್ತಿಗೆ, ಅಂದರೆ ರೈಲ್ವೆ, ರಕ್ಷಣಾ ಇಲಾಖೆ ಮುಂತಾದವಕ್ಕೆ, ಸಂವಿಧಾನದ 285ನೇ ವಿಧಿಯಡಿ ಆಸ್ತಿ ತೆರಿಗೆ ಇಲ್ಲ, ಸೇವಾ ಶುಲ್ಕ ಮಾತ್ರ. ದಂಡು ಪ್ರದೇಶದಿಂದ ಬೆಳೆದ ನಮ್ಮಂಥ ಊರಿಗೆ ಅದು ಸಣ್ಣ ಜಾಗವಲ್ಲ. ಎಲೆಕ್ಟ್ರಾನಿಕ್ ಸಿಟಿಗೆ 2013ರಿಂದ ತನ್ನದೇ ಟೌನ್‌ಶಿಪ್ ಪ್ರಾಧಿಕಾರ ಇದೆ, ಅಲ್ಲಿನ ತೆರಿಗೆ ಅಲ್ಲೇ ವಸೂಲಾಗುತ್ತದೆ. ಅಲ್ಲಿನ ಒಳರಸ್ತೆ ನೋಡಿ ‘ನಮಗೆ ಯಾಕಿಲ್ಲ’ ಎನ್ನುವವರು ಈ ವಿಷಯ ಮರೆಯುತ್ತಾರೆ.

‘ಇನ್ನಷ್ಟು ಬರಲಿ, ನಮ್ಮ ಕಂದಾಯ ಇಳಿಯುತ್ತದೆ’ ಎನ್ನುವವರಿಗೂ ನಿರಾಸೆ ಮಾಡಬೇಕಾಗಿದೆ. ನನ್ನ ಸೇವೆಯಲ್ಲಿ ಕಚೇರಿ ಕಟ್ಟಡ ಬಂತು ಅಂತ ಮನೆಗಳ ದರ ಇಳಿಸಿದ್ದನ್ನು ನಾನು ಕಂಡಿಲ್ಲ. ಹೆಚ್ಚೆಂದರೆ ಏರಿಕೆ ನಾಲ್ಕು ವರ್ಷ ಮುಂದೆ ಹೋದೀತು. ಆದರೆ ಅವರ ನಂಬಿಕೆಯ ಒಳಗಿರುವ ದೊಡ್ಡ ತೊಡಕು ಇನ್ನೊಂದು. ಕಟ್ಟಡದಿಂದ ಬರುವ ಹಣದಲ್ಲಿ ಎರಡು ಜಾತಿ. ನಕ್ಷೆ ಮಂಜೂರಾತಿ ಶುಲ್ಕ, ಸುಧಾರಣಾ ಶುಲ್ಕ, ಹೆಚ್ಚುವರಿ ಎಫ್‌ಎಆರ್‌ಗೆ (ಸೈಟಿನ ಅಳತೆಗೆ ತಕ್ಕಂತೆ ಎಷ್ಟು ಚದರಡಿ ಕಟ್ಟಬಹುದು ಎಂಬ ಮಿತಿ) ಕಟ್ಟುವ ಹಣ ಇವೆಲ್ಲ ಮದುವೆ ಮನೆಯ ಮುಯ್ಯಿ ಇದ್ದಂತೆ, ಒಮ್ಮೆ ಬರುತ್ತದೆ. ಕಂದಾಯ ತಿಂಗಳ ಸಂಬಳದ ಹಾಗೆ, ವರ್ಷವೂ ಬರುತ್ತದೆ. ಚರಂಡಿ, ಬೀದಿದೀಪ, ಕಸ ಇವೂ ವರ್ಷವೂ ಇರುವ ಖರ್ಚು. ಮುಯ್ಯಿ ನಂಬಿ ಸಂಸಾರ ಹೂಡಿದರೆ ಏನಾಗುತ್ತದೆ?

ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದೆ. ಊರಿನ ಹೆಸರು ಬೇಡ. ಒಂದು ವರ್ಷ ಅಲ್ಲಿಗೆ ದೊಡ್ಡ ಮಾಲ್, ಎರಡು ವಸತಿ ಸಮುಚ್ಚಯ ಒಟ್ಟಿಗೆ ಬಂದವು, ಶುಲ್ಕದ ಕಾಲಂ ಉಬ್ಬಿತು. ಅದನ್ನು ನೋಡಿ ವಾರ್ಡ್ ವಾರ್ಡಿಗೂ ಕಾಂಕ್ರೀಟ್ ರಸ್ತೆ ಹಂಚಿದರು. ಮರುವರ್ಷ ಮಾಲ್ ಬರಲಿಲ್ಲ, ಬಿಲ್ ಬಂತು. ನನ್ನ ಮೇಜಿನ ಮೇಲೆ ಬಾಕಿ ಬಿಲ್ಲಿನ ರಿಜಿಸ್ಟರ್ ಇರುತ್ತಿತ್ತು, ಉದ್ದನೆಯ ಹಸಿರು ರಟ್ಟಿನದು. ಜ್ಯೇಷ್ಠತೆಯ ಸಂಖ್ಯೆ ಹಾಕುತ್ತ ಹಾಕುತ್ತ ಒಂದು ರಿಜಿಸ್ಟರ್ ಮುಗಿದು ಎರಡನೆಯದಕ್ಕೆ ಬಂದೆವು. ಗುತ್ತಿಗೆದಾರರು ಬೆಳಿಗ್ಗೆ ಹತ್ತಕ್ಕೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂರುವರು, ಮಧ್ಯಾಹ್ನ ತಾವೇ ತಂದ ಬುತ್ತಿ ಬಿಚ್ಚುವರು. ಅವರಲ್ಲಿ ಒಬ್ಬರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: ‘ಸಾರ್, ರಸ್ತೆ ಹಾಕಿದ್ದು ಮರೆತುಹೋಗಿ ಆಗಲೇ ಗುಂಡಿ ಬಿದ್ದಿದೆ, ದುಡ್ಡು ಮಾತ್ರ ಬಂದಿಲ್ಲ.’ ನಿಮಗೆ ‘ಅನುದಾನ ಇಲ್ಲ’ ಎಂದ ಇಂಜಿನಿಯರ್ ಸುಳ್ಳು ಹೇಳಿರಲಿಕ್ಕಿಲ್ಲ. ಹಳೆಯ ಬಿಲ್ಲುಗಳು ಸರತಿಯಲ್ಲಿ ಮುಂದೆ ನಿಂತಾಗ ಹೊಸ ಚರಂಡಿಗೆ ಗುತ್ತಿಗೆದಾರರೇ ಟೆಂಡರ್ ಹಾಕುವುದಿಲ್ಲ.

ಸಾಲದ ಕಥೆಯೂ ಇದೇ ದಾರಿಯದ್ದು. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿಯ ಬಾಂಡ್ ಹೊರಡಿಸಿತು, ದೇಶದ ಪಾಲಿಕೆಗಳಲ್ಲಿ ಮೊದಲನೆಯದು ಅದು. ಅದೇ ಊರು ಮುಂದೊಂದು ಕಾಲಕ್ಕೆ ಕೆ.ಆರ್. ಮಾರುಕಟ್ಟೆಯಂಥ ಆಸ್ತಿಗಳನ್ನು ಸಾಲಕ್ಕೆ ಅಡವಿಟ್ಟಿತು. ಆಮೇಲೆ ಬಿಡಿಸಿಕೊಂಡದ್ದು ಬೇರೆ ಮಾತು.

ಇನ್ನು ವಿಸ್ತರಣೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಊರು ದೊಡ್ಡದಾಯಿತು, ಕಂದಾಯ ಕಟ್ಟುವವರು ಹೆಚ್ಚಾದರು, ಆದಾಯದ ಲೆಕ್ಕ ಚೆಂದ ಕಂಡಿತು. ಖರ್ಚಿನ ಲೆಕ್ಕ ತಡವಾಗಿ ಬಂತು. ಆ 110 ಹಳ್ಳಿಗಳಿಗೆ ಕಾವೇರಿ ಐದನೇ ಹಂತದ ನೀರು ಹರಿಸಿದ್ದು 2024ರ ಅಕ್ಟೋಬರ್‌ನಲ್ಲಿ. ಕಂದಾಯಕ್ಕೂ ನೀರಿಗೂ ನಡುವೆ ಹದಿನೇಳು ವರ್ಷ! ಒಂದು ಕಚೇರಿ ಕಟ್ಟಡ ಎರಡು ವರ್ಷದಲ್ಲಿ ಏಳುತ್ತದೆ, ಅದರ ಹಿಂದಿನ ರಾಜಕಾಲುವೆ ಹಾಗೇ ಇರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಸುತ್ತಮುತ್ತ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದವರನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಅವತ್ತು ನೀರು ನಿಂತದ್ದು ಊರಿಗೆ ಅತಿ ಹೆಚ್ಚು ತೆರಿಗೆ ಕೊಡುವ ಜಾಗದಲ್ಲಿ.

ಐದು ಪಾಲಿಕೆಯ ವಿಷಯ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಿಂದ ಜಾರಿಗೆ ಬಂತು, ಸೆಪ್ಟೆಂಬರ್ 2ರಂದು ಐದು ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಮಹದೇವಪುರ, ಕೆ.ಆರ್. ಪುರ ಸೇರಿದ ನಿಮ್ಮ ಪೂರ್ವಕ್ಕೆ ಕಂದಾಯದ ದೃಷ್ಟಿಯಿಂದ ಒಳ್ಳೆಯ ಪಾಲೇ ಸಿಕ್ಕಿದೆ. ಮುಂಚೆ ನಿಮ್ಮ ಕಡೆಯ ಹಣ ಒಂದೇ ಬೊಕ್ಕಸಕ್ಕೆ ಹೋಗಿ ಇಡೀ ಊರಿಗೆ ಹಂಚಿಹೋಗುತ್ತಿತ್ತು, ಈಗ ಕಂದಾಯ ಆಯಾ ಪಾಲಿಕೆಯದ್ದು. ಅಷ್ಟರ ಮಟ್ಟಿಗೆ ‘ನಮ್ಮ ದುಡ್ಡು ನಮಗೆ’ ನಿಜ. ಆದರೆ ಎರಡು ವಿಷಯ ಮರೆಯಬೇಡಿ. ಒಳಚರಂಡಿ ಇಲ್ಲದ ಬಡಾವಣೆಗಳು, ಒತ್ತುವರಿಯಾದ ಕಾಲುವೆಗಳು, ಪಂಚಾಯ್ತಿ ಕಾಲದ ಹತ್ತಡಿ ರಸ್ತೆಗಳು ಕೂಡ ನಿಮ್ಮ ಪಾಲಿಗೇ ಬಂದಿವೆ. ಪಿತ್ರಾರ್ಜಿತ ಅಂದಮೇಲೆ ಆಸ್ತಿಯ ಜೊತೆ ಸಾಲವೂ ಬರುತ್ತದೆ. ಇನ್ನೊಂದು, ಹಲವು ಪಾಲಿಕೆಗಳಿಗೆ ಸೇರಿದ ದೊಡ್ಡ ಕಾಮಗಾರಿ, ದೊಡ್ಡ ರಸ್ತೆ ಇವೆಲ್ಲ ಐದೂ ಪಾಲಿಕೆಗಳ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೈಯಲ್ಲಿ, ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ರಾಜ್ಯವೇನೂ ಕೈ ಬಿಗಿ ಹಿಡಿದು ಕೂತಿಲ್ಲ. 2025–26ರ ಬಜೆಟ್ಟಿನಲ್ಲಿ ಬೆಂಗಳೂರಿನ ಅನುದಾನವನ್ನು ವರ್ಷಕ್ಕೆ 3,000 ಕೋಟಿಯಿಂದ 7,000 ಕೋಟಿಗೆ ಏರಿಸಿದೆ. ಆದರೆ ಅನುದಾನ ಬರುವಾಗಲೇ ಯಾವ ಕೆಲಸಕ್ಕೆ ಅಂತ ಬರೆದುಕೊಂಡು ಬರುತ್ತದೆ. ನಿಮ್ಮ ಅಡ್ಡರಸ್ತೆಯ ಚರಂಡಿ ಆ ಪಟ್ಟಿಯಲ್ಲಿ ಇರುವುದಿಲ್ಲ. ಅದನ್ನು ಪಟ್ಟಿಗೆ ಸೇರಿಸಲು ಜಗಳವಾಡಬೇಕಿದ್ದ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು.

ಹಾಗಾದರೆ ದಾರಿ ಏನು ಅಂದರೆ, ಸುಲಭದ್ದು ಯಾವುದೂ ಇಲ್ಲ. ಎಲ್ಲರ ಬಾಯಲ್ಲೂ ಇರುವುದು ಮಾರ್ಗಸೂಚಿ ದರಕ್ಕೆ ತೆರಿಗೆ ಜೋಡಿಸುವುದು. ಊರು ಬೆಳೆದಂತೆ ತೆರಿಗೆಯೂ ತಾನಾಗಿ ಬೆಳೆಯುತ್ತದೆ, ಸರಿ. ಆದರೆ ಬಸವನಗುಡಿಯಲ್ಲಿ ಅಪ್ಪ ಕಟ್ಟಿದ ಮನೆಯಲ್ಲಿ ಪಿಂಚಣಿ ನಂಬಿ ಇರುವವರಿಗೆ ಸೈಟಿನ ಬೆಲೆ ಏರಿದರೆ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ, ಕಂದಾಯ ಮಾತ್ರ ಏರುತ್ತದೆ. ಹತ್ತು ವರ್ಷ ಸುಮ್ಮನಿದ್ದು ಒಂದೇ ಸಲ ಏರಿಸಲು ಹೊರಟಾಗಲೆಲ್ಲ ಇದೇ ಕಾರಣಕ್ಕೆ ಹಿಂದೆ ಸರಿದಿದ್ದಾರೆ. ಮೂರು ವರ್ಷಕ್ಕೊಮ್ಮೆ ಸಣ್ಣಗೆ ಏರಿಸುವುದೇ ವಾಸಿ ಅಂತ ನಾನು. ಸ್ಟಾಂಪ್ ಡ್ಯೂಟಿಯಲ್ಲೋ ಜಿಎಸ್‌ಟಿಯಲ್ಲೋ ಕಾನೂನುಬದ್ಧ ಪಾಲು ಕೇಳುವುದು ನ್ಯಾಯವಾದದ್ದು, ಆದರೆ ನಿವೇಶನದ ಮಾರುಕಟ್ಟೆ ಬಿದ್ದ ವರ್ಷ ಆ ಪಾಲೂ ಬೀಳುತ್ತದೆ. ಹೆಚ್ಚುವರಿ ಎಫ್‌ಎಆರ್ ಮಾರುವುದು ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವ ದಾರಿ. ಮೂವತ್ತಡಿ ರಸ್ತೆಯಲ್ಲಿ ಇನ್ನೆರಡು ಅಂತಸ್ತು ಮಾರಿಕೊಂಡ ದುಡ್ಡು ಆ ವರ್ಷವೇ ಖರ್ಚಾಗುತ್ತದೆ, ಆ ಅಂತಸ್ತುಗಳ ನೀರು, ಕಸ, ಕಾರು ಶಾಶ್ವತ.

ಮೊದಲು ಮಾಡಬೇಕಾದ್ದು ಇರುವ ದರದಲ್ಲೇ ಇರುವ ಕಟ್ಟಡವನ್ನು ಪೂರ್ತಿ ಲೆಕ್ಕಕ್ಕೆ ತರುವುದು. ಬೆಸ್ಕಾಂನ ವಾಣಿಜ್ಯ ಮೀಟರ್ ಪಟ್ಟಿಯನ್ನು ಕಂದಾಯದ ಘೋಷಣೆಗೆ ತಾಳೆ ಹಾಕುವ ಕೆಲಸ ನಡೆದಿದೆ, ಇ–ಖಾತಾ (ಆಸ್ತಿಯ ಡಿಜಿಟಲ್ ದಾಖಲೆ) ಬಂದ ಮೇಲೆ ಇನ್ನೂ ಸುಲಭ. ಅಪಾಯ ಇಲ್ಲದಿಲ್ಲ. 2021ರಲ್ಲಿ, 2016ರಿಂದ ವಲಯ ತಪ್ಪಾಗಿ ನಮೂದಿಸಿದ್ದೀರಿ ಎಂದು ಸುಮಾರು 78,000 ಮಂದಿಗೆ ನೋಟಿಸ್ ಹೋಯಿತು. ಐದು ವರ್ಷ ರಸೀತಿ ಕೊಟ್ಟು ಆಮೇಲೆ ದಂಡ ಕೇಳಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ತಪ್ಪು ಇದ್ದರೆ ಆ ವರ್ಷವೇ ಹೇಳಬೇಕು. ನಿಮ್ಮ ಸಂಘ ಇಲ್ಲಿ ಒಂದು ಕೆಲಸ ಮಾಡಬಹುದು. ಯಾರ ಹೆಸರೂ ಬೇಡ, ನಿಮ್ಮ ವಾರ್ಡಿನಲ್ಲಿ ಒಟ್ಟು ಎಷ್ಟು ಆಸ್ತಿ, ಅದರಲ್ಲಿ ವಸತಿಯೇತರ ಅಂತ ಘೋಷಿಸಿದ್ದು ಎಷ್ಟು, ಪಾವತಿಯಾಗದ ಬಿಲ್ಲು ಎಷ್ಟು, ಈ ಮೂರು ಸಂಖ್ಯೆಯನ್ನು ಆರ್‌ಟಿಐನಲ್ಲಿ ಕೇಳಿ. ಒಂದು ರಸ್ತೆಯ ಹದಿನಾಲ್ಕು ಪಿಜಿ ಎಣಿಸಿದವರು ನೀವು. ಬಂದ ಉತ್ತರವನ್ನು ಬೀದಿಗೆ ತಾಳೆ ಹಾಕುವುದು ನಿಮಗೆ ಒಂದು ಭಾನುವಾರದ ಕೆಲಸ.

ಈಗ ನಿಮ್ಮ ಕೆಳಮನೆ. ಬ್ರೋಕರ್ ಮಾತು ಕೇಳಬೇಡಿ. ಘೋಷಣೆಗೆ ಸಹಿ ನಿಮ್ಮದು, ಸಿಕ್ಕಿಬಿದ್ದರೆ ವ್ಯತ್ಯಾಸ, ದಂಡ, ಬಡ್ಡಿ ಎಲ್ಲವೂ ಖಾತೆದಾರರಿಗೆ. ಬ್ರೋಕರಿಗೂ ಬಾಡಿಗೆದಾರನಿಗೂ ನೋಟಿಸ್ ಬರುವುದಿಲ್ಲ. ಸಿಕ್ಕಿಬೀಳುವುದೂ ಕಷ್ಟವಲ್ಲ: ಅಡುಗೆಮನೆಯವನಿಗೆ ಆಹಾರ ಸುರಕ್ಷತಾ ಪರವಾನಗಿ, ಜಿಎಸ್‌ಟಿ, ವಾಣಿಜ್ಯ ಮೀಟರ್, ಆ್ಯಪ್‌ನಲ್ಲಿ ವಿಳಾಸ ಎಲ್ಲ ಬೇಕು, ಎಲ್ಲದರಲ್ಲೂ ಇರುವುದು ನಿಮ್ಮ ಮನೆ ನಂಬರೇ.

ಲೆಕ್ಕ ಹಾಕಿ ನೋಡೋಣ. 1,200 ಚದರಡಿ ಎಂದುಕೊಳ್ಳಿ. ತಿಳಿಯಲಿ ಅಂತಷ್ಟೇ ಮನೆಗೆ ಚದರಡಿಗೆ 4 ರೂಪಾಯಿ, ವಾಣಿಜ್ಯಕ್ಕೆ 10 ರೂಪಾಯಿ ಇಡೋಣ, ಸವಕಳಿ ಬಿಡೋಣ. ನಿಮ್ಮ ವಲಯದ ನಿಜವಾದ ದರ ರಸೀತಿಯಲ್ಲಿದೆ. ಮನೆಯಾದರೆ ಹತ್ತು ತಿಂಗಳಿಗೆ 48,000, ಅದರ ಶೇ. 20, ಅಂದರೆ 9,600. ಸೆಸ್ ಸೇರಿ 11,904. ವಾಣಿಜ್ಯವಾದರೆ 1,20,000ದ ಶೇ. 25, ಅಂದರೆ 30,000. ಸೆಸ್ ಸೇರಿ 37,200. ವ್ಯತ್ಯಾಸ ವರ್ಷಕ್ಕೆ 25,296. ದುಪ್ಪಟ್ಟು ಬಾಡಿಗೆ ಅಂದಿರಲ್ಲ, ಹೆಚ್ಚಿಗೆ ಬರುವುದರಲ್ಲಿ ಒಂದೆರಡು ತಿಂಗಳದ್ದು ಹೋಗುತ್ತದೆ ಅಷ್ಟೇ. ಅದನ್ನು ಬಾಡಿಗೆ ಕರಾರಿನಲ್ಲೇ ಸೇರಿಸಿಕೊಳ್ಳಿ. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿಯೂ ಸಿಗುತ್ತದೆ.

ಆದರೆ ವಾಣಿಜ್ಯ ಕಂದಾಯ ಕಟ್ಟಿದ ಮಾತ್ರಕ್ಕೆ ಅಡುಗೆಮನೆಗೆ ಅನುಮತಿ ಸಿಕ್ಕಂತಲ್ಲ. ಇದು ಬಹಳ ಜನ ಎಡವುವ ಜಾಗ. ಕಂದಾಯ ಕಟ್ಟಿಸಿಕೊಳ್ಳುವವರು ಬೇರೆ, ಬಳಕೆಗೆ ಅನುಮತಿ ಕೊಡುವವರು ಬೇರೆ. ಅಕ್ರಮ ಕಟ್ಟಡಗಳಿಂದಲೂ ತೆರಿಗೆ ತೆಗೆದುಕೊಳ್ಳುತ್ತಾರೆ, ಅವನ್ನು ಸಕ್ರಮ ಮಾಡುವ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಉದ್ದಿಮೆ ಪರವಾನಗಿಗೆ ಹೋದರೆ ಮೊದಲು ರಸ್ತೆ ಅಗಲ ನೋಡುತ್ತಾರೆ. ವಸತಿ ಬಡಾವಣೆಯಲ್ಲಿ 40 ಅಡಿಗಿಂತ ಕಿರಿದಾದ ರಸ್ತೆಯಾದರೆ ಸಿಗುವುದು ಕಷ್ಟ. ನಿಮ್ಮದು ಎಷ್ಟಡಿ ಅಂತ ನೀವು ಬರೆದಿಲ್ಲ. ಟೇಪು ಹಿಡಿದು ಅಳೆದುಕೊಂಡೇ ಮುಂಗಡ ಮುಟ್ಟಿ. ಕಿರಿದಾಗಿದ್ದರೆ ಒಂದು ಸಂಸಾರಕ್ಕೇ ಬಾಡಿಗೆಗೆ ಕೊಡಿ, ಹಣ ಕಡಿಮೆ ಬಂದರೂ ರಾತ್ರಿ ನಿದ್ದೆ ಬರುತ್ತದೆ.

ಅಗಲ ಸಾಕಷ್ಟಿದೆ, ಕೊಡಲೇಬೇಕು ಅಂತ ಮನಸ್ಸಿದ್ದರೆ ಪರವಾನಗಿ ಬಂದ ಮೇಲೇ ಒಲೆ ಹಚ್ಚಬೇಕು, ಸಿಲಿಂಡರ್‌ಗಳು ಮೆಟ್ಟಿಲ ಕೆಳಗೆ ಇರಕೂಡದು, ದಿನದ ಕಸಕ್ಕೆ ಅವರೇ ವ್ಯವಸ್ಥೆ ಮಾಡಿಕೊಳ್ಳಬೇಕು ಅಂತ ಕರಾರಿನಲ್ಲಿ ಬರೆಸಿ. ಇನ್ನೊಂದು, ಪಾತ್ರೆ ತೊಳೆದ ನೀರು ಚರಂಡಿ ಸೇರುವ ಮುಂಚೆ ಎಣ್ಣೆ ತಡೆಯುವ ಸಣ್ಣ ತೊಟ್ಟಿಯೊಂದನ್ನು ಅವರ ಖರ್ಚಿನಲ್ಲೇ ಕಟ್ಟಿಸಿಕೊಳ್ಳಿ. ಅದಕ್ಕೆ ಒಪ್ಪದಿದ್ದರೆ ಬಾಡಿಗೆ ಎಷ್ಟೇ ಕೊಟ್ಟರೂ ಬೇಡ ಅನ್ನಿ. ಐನೂರು ಪ್ಯಾಕೆಟ್ಟಿನ ಎಣ್ಣೆ ಗಟ್ಟಿಯಾಗಿ ಒಳಚರಂಡಿ ಕಟ್ಟಿಕೊಂಡರೆ, ಜಲಮಂಡಳಿಯ ಗಾಡಿ ಬರುವ ತನಕ ಮ್ಯಾನ್‌ಹೋಲ್ ಉಕ್ಕುವುದು ನಿಮ್ಮ ಗೇಟಿನ ಮುಂದೆಯೇ.